ಬಳಸಿದ ಎಸ್‌ಯುವಿ ಕೊಳ್ಳುವ ಮುನ್ನ: ದಾರಿ, ದುರಸ್ತಿ, ದಾಖಲೆ

ಚಿಕ್ಕಬಳ್ಳಾಪುರ ಜಿಲ್ಲೆಯ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ತಮ್ಮ ವಾಹನದಿಂದ ನಿರೀಕ್ಷಿಸುವುದು ಎರಡು ಬಗೆಯ ದುಡಿಮೆಯನ್ನು. ಶಿಡ್ಲಘಟ್ಟದ ರೀಲರ್ ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿದ್ದು, ಮಧ್ಯಾಹ್ನ ರೇಷ್ಮೆ ಬೆಳೆಗಾರರ ಹಳ್ಳಿಗೆ ಹೋಗಬೇಕಾಗುತ್ತದೆ. ಚಿಂತಾಮಣಿಯ ಟೊಮೆಟೊ ಮಂಡಿಯವರು ಫಸಲು ನೋಡಲು ತೋಟದ ಬದುವಿನವರೆಗೆ ಸಾಗಬೇಕು. ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿಯ ಮಾಲೀಕರಿಗೆ ದೂಳಿನ ಏರುದಾರಿ ನಿತ್ಯದ್ದು. ಗೌರಿಬಿದನೂರಿನ ಕಾರ್ಖಾನೆಯವರಿಗೆ ಬೆಂಗಳೂರಿನ ಕಚೇರಿಗಳ ಓಡಾಟ ತಪ್ಪದು. ಒಂದೇ ವಾಹನವು ರಾಷ್ಟ್ರೀಯ ಹೆದ್ದಾರಿ 44ರ ವೇಗಕ್ಕೂ ಹೊಲದ ಗಾಡಿಜಾಡಿಗೂ ಹೊಂದಿಕೊಳ್ಳಬೇಕೆಂಬ ಕಾರಣದಿಂದಲೇ ನಮ್ಮಲ್ಲಿ ಎಸ್‌ಯುವಿಗೆ ಇಷ್ಟು ಬೇಡಿಕೆ.

ಹೊಸ ವಾಹನಕ್ಕೆ ಬಂಡವಾಳ ತೊಡಗಿಸಲು ಎಲ್ಲರಿಗೂ ಸಾಧ್ಯವಾಗದು. ಬಳಸಿದ ವಾಹನವನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆಯ್ಕೆ ತಪ್ಪಿದಲ್ಲಿ ನಷ್ಟವಾಗುವುದು ಕೊಟ್ಟ ಹಣ ಮಾತ್ರವಲ್ಲ. ಸುಗ್ಗಿಯ ದಿನಗಳಲ್ಲಿ ವಾಹನ ಗ್ಯಾರೇಜಿನಲ್ಲಿ ನಿಂತರೆ ವ್ಯಾಪಾರವೇ ಕೈತಪ್ಪುತ್ತದೆ. ಆದ್ದರಿಂದ ಕೊಳ್ಳುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ನಾನು ಓಡಾಡುವ ದಾರಿ ಎಂಥದು? ಈ ವಾಹನವನ್ನು ನನ್ನ ಊರಿನಲ್ಲಿಯೇ ದುರಸ್ತಿ ಮಾಡಬಲ್ಲರೇ? ದಾಖಲೆಗಳು ನೇರವಾಗಿವೆಯೇ? ಬಣ್ಣ, ಸೀಟು, ಸಂಗೀತ ಸಾಧನಗಳ ವಿಚಾರ ನಂತರದ್ದು.

ಮೊದಲು ದಾರಿಯ ಲೆಕ್ಕ

ಒಂದು ತಿಂಗಳಲ್ಲಿ ಎಷ್ಟು ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ, ಎಷ್ಟು ಮಣ್ಣಿನ ದಾರಿಯಲ್ಲಿ ಓಡುತ್ತೀರೆಂದು ಬರೆದು ನೋಡಿರಿ. ಬಹುಪಾಲು ಸದಸ್ಯರಿಗೆ ಮಣ್ಣಿನ ದಾರಿಯ ಪಾಲು ತಾವು ಎಣಿಸಿದ್ದಕ್ಕಿಂತ ಕಡಿಮೆ ಬಂದೀತು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಈ ನಾಲ್ಕೂ ಪಟ್ಟಣಗಳನ್ನು ರಾಷ್ಟ್ರೀಯ ಹೆದ್ದಾರಿ 69 ಪೋಣಿಸುತ್ತದೆ. ಹೆದ್ದಾರಿಯಿಂದ ತೋಟಕ್ಕೆ ಇಳಿಯುವ ಗಟ್ಟಿ ನೆಲದ ಜಾಡಿಗೆ ನೆಲದಿಂದ ಸಾಕಷ್ಟು ಎತ್ತರವಿರುವ, ಹಿಂದಿನ ಚಕ್ರಗಳಿಂದ ಚಲಿಸುವ ವಾಹನವೇ ಸಾಕು. ಕೆರೆಯಂಗಳದ ಜೇಡಿಮಣ್ಣು, ಕ್ವಾರಿಯ ಸಡಿಲ ಜಲ್ಲಿಯ ಏರು, ಮಳೆಗಾಲದ ಹಳ್ಳ ಇವು ನಿಮ್ಮ ನಿತ್ಯದ ದಾರಿಯಾಗಿದ್ದಲ್ಲಿ ಮಾತ್ರ ನಾಲ್ಕು ಚಕ್ರಗಳ ಚಾಲನೆಗೆ ಹೆಚ್ಚಿನ ಹಣ ಕೊಡುವುದು ಸಾರ್ಥಕ. ಆ ವ್ಯವಸ್ಥೆಯು ತೂಕವನ್ನೂ ಇಂಧನದ ಖರ್ಚನ್ನೂ ದುರಸ್ತಿಯನ್ನೂ ಹೆಚ್ಚಿಸುತ್ತದೆ ಎಂಬುದನ್ನು ಮರೆಯಬಾರದು.

ಹೆಸರನ್ನು ನಂಬಿ ಮೋಸಹೋಗುವ ಸಂಭವವೂ ಉಂಟು. 2020ರ ಹೊಸ ಮಾದರಿಯ ಥಾರ್ ಮೊದಲು ನಾಲ್ಕು ಚಕ್ರಗಳ ಚಾಲನೆಯೊಂದಿಗೇ ಬಂದಿತು. 2023ರಿಂದ ಎರಡು ಚಕ್ರಗಳ ಚಾಲನೆಯ ಥಾರ್ ಕೂಡ ಮಾರಾಟವಾಗಿದೆ. ಸ್ಕಾರ್ಪಿಯೊ, ಸಫಾರಿ, ಫಾರ್ಚೂನರ್‌ಗಳಲ್ಲಿಯೂ ಎರಡೂ ಬಗೆಗಳಿವೆ. ಆದುದರಿಂದ ವಾಹನದ ಕೆಳಗೆ ಬಗ್ಗಿ, ಮುಂದಿನ ಆಕ್ಸಲ್‌ಗೆ ಶಾಫ್ಟ್ ಇದೆಯೇ ಎಂದು ಕಣ್ಣಾರೆ ನೋಡುವುದೇ ಸರಿ.

ಊರಿನಲ್ಲಿ ದುರಸ್ತಿಯಾಗುವ ಮಾದರಿ

ವಿಶ್ವಾಸಾರ್ಹ ವಾಹನವೆಂದರೆ ಎಂದೂ ಕೆಡದ ವಾಹನವೆಂದು ಅರ್ಥವಲ್ಲ. ಕೆಟ್ಟ ದಿನವೇ ಬಿಡಿಭಾಗ ದೊರೆತು, ಮರುದಿನ ರಸ್ತೆಗೆ ಇಳಿಯುವಂಥದು. ಈ ದೃಷ್ಟಿಯಿಂದ 2000ದಲ್ಲಿ ಬಂದ ಬೊಲೆರೊ ನಮ್ಮ ಹಳ್ಳಿ ಪಟ್ಟಣಗಳಲ್ಲಿ ಬೇರೂರಿದೆ. ಗಟ್ಟಿ ಷಾಸಿ, ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗ್, ಸರಳ ರಚನೆ ಇವು ಅದರ ಬಲ. ಹೆದ್ದಾರಿಯಲ್ಲಿ ಕುಲುಕಾಟ ಮತ್ತು ಸದ್ದು ಅದರ ದೌರ್ಬಲ್ಯ. ಬೆಂಗಳೂರಿನ ಪ್ರಯಾಣ ಹೆಚ್ಚಿರುವವರಿಗೆ 2002ರಿಂದ ಬರುತ್ತಿರುವ ಸ್ಕಾರ್ಪಿಯೊ ಹೆಚ್ಚು ಅನುಕೂಲ.

ತಯಾರಿಕೆ ನಿಂತುಹೋದ ವಾಹನಗಳ ಬಗ್ಗೆ ಎಚ್ಚರಿಕೆ ಅಗತ್ಯ. 1994ರಲ್ಲಿ ಬಂದ ಟಾಟಾ ಸುಮೊ 2019ರಲ್ಲಿ ನಿಂತಿತು. ಕ್ವಾಲಿಸ್ 2005ರಲ್ಲಿಯೇ ನಿಂತಿತು. ಷೆವರ್ಲೆ ಕಂಪನಿ ಭಾರತದಲ್ಲಿ ಮಾರಾಟವನ್ನು 2017ರಲ್ಲಿ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿ ತಯಾರಿಕೆ ಕೈಬಿಡುವುದಾಗಿ ಘೋಷಿಸಿತು. ಇವು ಅಗ್ಗವಾಗಿ ದೊರೆಯುವುದಕ್ಕೆ ಇದೂ ಒಂದು ಕಾರಣ. ಕೊಳ್ಳಲೇಬೇಕೆಂದಿದ್ದರೆ, ಕ್ಲಚ್ ಪ್ಲೇಟ್, ಇಂಜೆಕ್ಟರ್, ಸ್ಟಿಯರಿಂಗ್ ರ‍್ಯಾಕ್ ಈ ಮೂರು ಭಾಗಗಳ ಬೆಲೆಯನ್ನೂ ಬರುವ ಅವಧಿಯನ್ನೂ ನಿಮ್ಮ ಊರಿನ ಬಿಡಿಭಾಗದ ಅಂಗಡಿಯಲ್ಲಿ ವಿಚಾರಿಸಿದ ನಂತರವೇ ಮುಂಗಡ ಕೊಡತಕ್ಕದ್ದು.

ಇಂಧನದ ಆಯ್ಕೆಯೂ ಓಡಾಟವನ್ನೇ ಅವಲಂಬಿಸಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದು, ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಸೋಸುಕ ಸೇರಿತು. ವಾಹನವು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿ ಹೊಗೆಕೊಳವೆ ಚೆನ್ನಾಗಿ ಬಿಸಿಯಾದಾಗ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಮಂಡಿಗೆ, ಮಂಡಿಯಿಂದ ಬ್ಯಾಂಕಿಗೆ ಎಂದು ಎರಡು ಮೂರು ಕಿಲೋಮೀಟರ್ ಮಾತ್ರ ಓಡುವವರಲ್ಲಿ ಅದು ಕಟ್ಟಿಕೊಳ್ಳುತ್ತದೆ. ಬದಲಾಯಿಸುವ ಖರ್ಚು ದೊಡ್ಡದು. ವಾರಕ್ಕೊಮ್ಮೆಯಾದರೂ ಹೆದ್ದಾರಿ ಹಿಡಿಯುವವರಿಗೆ ಈ ತೊಂದರೆ ಕಡಿಮೆ. ಪೆಟ್ರೋಲ್ ವಾಹನವಾದರೆ, ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಯುವುದರಿಂದ, ಹಳೆಯ ಮಾದರಿಗಳ ರಬ್ಬರ್ ಕೊಳವೆ ಮತ್ತು ಸೀಲುಗಳನ್ನು ಪರೀಕ್ಷಿಸಬೇಕು.

ಪರೀಕ್ಷೆಯ ಕ್ರಮ

ನಂಬಿಕೆಯ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ದು, ಹಗಲು ಬೆಳಕಿನಲ್ಲಿಯೇ ನೋಡಿರಿ. ಈ ಕೆಳಗಿನ ಅಂಶಗಳು ಮುಖ್ಯ.

1. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿಸಬೇಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಸೇರುತ್ತಿರಬಹುದು. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುವೆನೆಂದು ಹೇಳಿ ಹಿಂದಿರುಗುವುದೇ ಲೇಸು.

2. ಷಾಸಿಯನ್ನು ಉದ್ದಕ್ಕೂ ನೋಡಬೇಕು. ಹೊಸ ವೆಲ್ಡಿಂಗ್, ಬಾಗು, ಸಿಪ್ಪೆಯೇಳುವ ತುಕ್ಕು, ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಆ ವಾಹನ ಬೇಡ. ಎಂಜಿನ್ನನ್ನು ಬಿಚ್ಚಿ ಕಟ್ಟಬಹುದು. ಬಾಗಿದ ಷಾಸಿ ಸರಿಹೋಗುವುದು ದುರ್ಲಭ. ರಸಗೊಬ್ಬರ ಸಾಗಿಸಿದ ವಾಹನದ ತಳ ಬೇಗ ತುಕ್ಕು ಹಿಡಿದಿರುತ್ತದೆ.

3. ಕ್ವಾರಿಯಲ್ಲಿ ದುಡಿದ ವಾಹನವಾದರೆ ಏರ್ ಫಿಲ್ಟರ್‌ನ ಪೆಟ್ಟಿಗೆಯನ್ನು ತೆರೆಸಿರಿ. ಫಿಲ್ಟರ್ ದಾಟಿ ಒಳಬದಿಯಲ್ಲಿ ದೂಳು ಕಂಡರೆ ಟರ್ಬೊ ಮತ್ತು ಸಿಲಿಂಡರ್‌ಗಳಿಗೆ ಸವೆತ ತಪ್ಪಿದ್ದಲ್ಲ.

4. ಸೀಟಿನ ಕೆಳಗಿನ ಹಳಿ, ಕಾರ್ಪೆಟ್ಟಿನ ಅಡಿ, ವೈರಿಂಗ್ ಸಂದುಗಳಲ್ಲಿ ಒಣಗಿದ ಕೆಸರಿದೆಯೇ ಎಂದು ಪರಿಶೀಲಿಸಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಜಲಾವೃತವಾದಾಗ ಅನೇಕ ವಾಹನಗಳು ಮುಳುಗಿದ್ದವು. ನೀರಿನಲ್ಲಿ ನಿಂತ ವಾಹನದ ವಿದ್ಯುತ್ ದೋಷಗಳು ತಿಂಗಳುಗಳ ನಂತರ ತಲೆದೋರುತ್ತವೆ.

5. ನಾಲ್ಕು ಚಕ್ರಗಳ ಚಾಲನೆ ಇದ್ದಲ್ಲಿ ಸಡಿಲ ಮಣ್ಣಿನ ಮೇಲೆ ಮಾತ್ರ ಪರೀಕ್ಷಿಸಿರಿ. ಹೈ, ಲೋ ಎರಡೂ ಗೇರುಗಳು ಬಿದ್ದು, ಸಲೀಸಾಗಿ ಹೊರಬರಬೇಕು. ಗಟ್ಟಿ ಡಾಂಬರಿನ ಮೇಲೆ ಹಾಕಿ ತಿರುಗಿಸಿದರೆ ಗೇರುಗಳಿಗೆ ಅನಗತ್ಯ ಒತ್ತಡ ಬೀಳುತ್ತದೆ.

6. ಏರುದಾರಿಯಲ್ಲಿ ಓಡಿಸಿ ನೋಡಬೇಕು. ನಂದಿ ಬೆಟ್ಟದಂತಹ ಏರಿನಲ್ಲಿ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಇಳಿಜಾರಿನಲ್ಲಿ ಬ್ರೇಕು ಒಂದು ಪಕ್ಕಕ್ಕೆ ಎಳೆಯಬಾರದು.

7. ಮೀಟರಿನ ಅಂಕಿಯನ್ನೇ ನಂಬಬಾರದು. ಸರ್ವಿಸ್ ದಾಖಲೆ, ಪೆಡಲ್‌ಗಳ ಸವೆತ, ಟೈರುಗಳ ವಯಸ್ಸು ಪರಸ್ಪರ ತಾಳೆಯಾಗಬೇಕು. ಟೈರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ 23ನೇ ವಾರದ ತಯಾರಿಕೆ.

ದಾಖಲೆಯೇ ಅರ್ಧ ವಾಹನ

ಆರ್.ಸಿ.ಯಲ್ಲಿರುವ ಎಂಜಿನ್ ಮತ್ತು ಷಾಸಿ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಯೊಡನೆ ಹೋಲಿಸಿ, ಆರ್‌ಟಿಒ ಕಚೇರಿಯಿಂದ ಬಿ ಎಕ್ಸ್‌ಟ್ರಾಕ್ಟ್ ಪಡೆಯತಕ್ಕದ್ದು. ಎಷ್ಟನೆಯ ಮಾಲೀಕರು, ಹಿಂದೆ ಹಳದಿ ಫಲಕದ ಬಾಡಿಗೆ ವಾಹನವಾಗಿತ್ತೇ, ಸಾಲದ ನಮೂದು ಇದೆಯೇ ಎಂಬುದನ್ನು ಅಲ್ಲಿ ಕಾಣಬಹುದು. ಸಾಲ ತೀರಿದ್ದರೂ ನಮೂನೆ 35ರ ಮೂಲಕ ನಮೂದು ರದ್ದಾಗದಿದ್ದಲ್ಲಿ ವರ್ಗಾವಣೆ ನಿಲ್ಲುತ್ತದೆ. ಬಾಕಿ ದಂಡಗಳನ್ನು ಮಾರುವವರಿಂದಲೇ ಕಟ್ಟಿಸಿರಿ.

ವರ್ಗಾವಣೆಗೆ ನಮೂನೆ 29 ಮತ್ತು 30. ರಾಜ್ಯದೊಳಗಿನ ಮಾರಾಟವನ್ನು ಮಾರುವವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯಿದೆಯ 50ನೇ ಕಲಂ ವಿಧಿಸುತ್ತದೆ. ಸಹಿ ಮಾಡಿದ ಖಾಲಿ ನಮೂನೆಗಳನ್ನು ಕೈಯಿಂದ ಕೈಗೆ ದಾಟಿಸುವ ರೂಢಿ ನಮ್ಮಲ್ಲಿ ಬಹಳ. ಅದು ಅಪಾಯಕಾರಿ. ಹೀಗೆ ಹಲವು ಕೈ ದಾಟಿದ ವಾಹನವೊಂದರ ಅಪಘಾತದ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ತೀರ್ಪಿತ್ತಿತು. ಆದ್ದರಿಂದ ಹಳೆಯ ವಾಹನವನ್ನು ಮಾರುವ ಸದಸ್ಯರೂ ಹೆಸರು ಬದಲಾಗುವವರೆಗೆ ನಿಶ್ಚಿಂತರಾಗಿರಬಾರದು. ಕೊಂಡವರು ವಿಮೆಯನ್ನೂ 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ಸ್ವಂತ ವಾಹನದ ಹಾನಿಗೆ ಪರಿಹಾರ ದೊರೆಯದಿರಬಹುದು.

ಗೌರಿಬಿದನೂರಿಗೆ ಹಿಂದೂಪುರ, ಚಿಂತಾಮಣಿಗೆ ಮದನಪಲ್ಲಿ ಸಮೀಪವಿರುವುದರಿಂದ ಆಂಧ್ರ ನೋಂದಣಿಯ ವಾಹನಗಳ ಆಕರ್ಷಣೆ ಸಹಜ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ಸುಪ್ರೀಂ ಕೋರ್ಟ್ 2018ರಲ್ಲಿ ನಿರ್ಬಂಧ ವಿಧಿಸಿದ ಮೇಲೆ ಅಲ್ಲಿನ ವಾಹನಗಳೂ ದಕ್ಷಿಣಕ್ಕೆ ಬಂದಿವೆ. ಆದರೆ ಇವನ್ನು ಇಲ್ಲಿಯೇ ಇರಿಸಿಕೊಳ್ಳುವುದಾದರೆ ನಿರಾಕ್ಷೇಪಣಾ ಪತ್ರ, ಮರುನೋಂದಣಿ, ಕರ್ನಾಟಕದ ಆಜೀವ ತೆರಿಗೆ ಎಲ್ಲವೂ ಬೇಕು. ಇವನ್ನೆಲ್ಲ ಕೂಡಿಸಿದ ಮೇಲೆಯೂ ಅಗ್ಗವೆನಿಸಿದರೆ ಮಾತ್ರ ಮುಂದುವರಿಯಬಹುದು. 15 ವರ್ಷ ಸಮೀಪಿಸಿದ ವಾಹನಕ್ಕೆ ನೋಂದಣಿ ನವೀಕರಣದ ವೆಚ್ಚವನ್ನೂ ಸೇರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿತು.

ಬೆಲೆ ಮತ್ತು ಲೆಕ್ಕಪತ್ರ

2025ರ ಸೆಪ್ಟೆಂಬರ್ 22ರಿಂದ ಹೊಸ ವಾಹನಗಳ ಜಿಎಸ್‌ಟಿ ಇಳಿದಿದೆ. ನಾಲ್ಕು ಮೀಟರ್ ಮೀರದ, 1500 ಸಿಸಿಯೊಳಗಿನ ಡೀಸೆಲ್ ವಾಹನಗಳಿಗೆ ಶೇ. 18, ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ ಸೇರಿ ಶೇ. 50ರಷ್ಟಿದ್ದ ಹೊರೆ ಶೇ. 40ಕ್ಕೆ ಇಳಿಯಿತು. ಆದ್ದರಿಂದ ಹಳೆಯ ವಾಹನದ ಬೆಲೆಯನ್ನು ಮಾಲೀಕರು ಅಂದು ಕೊಟ್ಟ ಬೆಲೆಯೊಡನೆ ಹೋಲಿಸದೆ, ಅದೇ ಮಾದರಿಯ ಇಂದಿನ ಹೊಸ ಬೆಲೆಯೊಡನೆ ಹೋಲಿಸಿ ಚೌಕಾಸಿ ಮಾಡಬೇಕು.

ನೋಂದಾಯಿತ ಸಂಸ್ಥೆಯು ತನ್ನ ಹಳೆಯ ವಾಹನವನ್ನು ಮಾರಿದಾಗ 2025ರ ಜನವರಿಯಿಂದ ಲಾಭಾಂಶದ ಮೇಲೆ ಶೇ. 18 ಜಿಎಸ್‌ಟಿ ಸಲ್ಲುತ್ತದೆ. ಸವಕಳಿ ಪಡೆದಿದ್ದರೆ ಲಾಭಾಂಶವೆಂದರೆ ಮಾರಿದ ಬೆಲೆಗೂ ಸವಕಳಿ ಕಳೆದ ಮೌಲ್ಯಕ್ಕೂ ಇರುವ ಅಂತರ. ಪುಸ್ತಕದಲ್ಲಿ 4,50,000 ರೂಪಾಯಿ ಉಳಿದ ವಾಹನ 5,00,000ಕ್ಕೆ ಮಾರಾಟವಾದರೆ 50,000ದ ಮೇಲೆ 9,000 ರೂಪಾಯಿ ತೆರಿಗೆ; 4,00,000ಕ್ಕೆ ಮಾರಿದರೆ ತೆರಿಗೆಯಿಲ್ಲ. ವಾಹನವನ್ನು ವ್ಯವಹಾರದ ಹೆಸರಿನಲ್ಲಿ ಕೊಳ್ಳುವವರು ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸಬೇಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಮೊತ್ತಕ್ಕೆ ಸವಕಳಿ ದೊರೆಯದು. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ದಂಡವೂ ಉಂಟು.

ಕಡೆಯದಾಗಿ, ಕೈಯಲ್ಲಿರುವ ಹಣವನ್ನೆಲ್ಲ ವಾಹನದ ಬೆಲೆಗೇ ಸುರಿಯಬಾರದು. 5 ಲಕ್ಷ ಇದ್ದರೆ 4 ಲಕ್ಷದ ಆಸುಪಾಸಿನ ವಾಹನ ನೋಡಿ, ಉಳಿದುದನ್ನು ವರ್ಗಾವಣೆ, ವಿಮೆ, ಟೈರು, ಬ್ಯಾಟರಿ, ಎಲ್ಲ ಆಯಿಲ್‌ಗಳ ಬದಲಾವಣೆಗೆ ಮೀಸಲಿಡಿರಿ. ಷಾಸಿ ಮತ್ತು ದಾಖಲೆ ಈ ಎರಡರಲ್ಲಿ ಕಿಂಚಿತ್ ಸಂಶಯ ಬಂದರೂ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟುಬಿಡುವುದೇ ಜಾಣತನ. ಗೂಡನ್ನು ಅಲುಗಿಸಿ ನೋಡಿ, ಟೊಮೆಟೊವನ್ನು ಕೈಯಲ್ಲಿ ತೂಗಿ ಬೆಲೆ ಕಟ್ಟುವ ನಮ್ಮ ವರ್ತಕರು ವಾಹನದ ವಿಷಯದಲ್ಲಿಯೂ ಅದೇ ತಾಳ್ಮೆಯನ್ನು ತೋರಿದರೆ ಬಂಡವಾಳ ಉಳಿದೀತು.