ಮಾಕಳಿದುರ್ಗ: ಕಂಬಿ ದಾಟಿದರೆ ಬಂಡೆ

ದೊಡ್ಡಬಳ್ಳಾಪುರ ಬಿಟ್ಟು ಘಾಟಿ ಸುಬ್ರಹ್ಮಣ್ಯದ ಕಡೆ ಹೊರಟರೆ ಮಾಕಳಿದುರ್ಗ ಕಾಣಿಸಲು ಹೆಚ್ಚು ಹೊತ್ತು ಬೇಕಿಲ್ಲ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಬಂಡೆಬೆಟ್ಟ ಇದು; ಬುಡದಲ್ಲೇ ಬೆಂಗಳೂರು–ಹಿಂದೂಪುರ ರೈಲುಮಾರ್ಗ. ನೆತ್ತಿಯ ಮೇಲೆ ಶಿವನ ಗುಡಿ, ನಂದಿ, ಸುತ್ತ ಕುಸಿದ ಕೋಟೆಗೋಡೆ. ಮಾರ್ಕಂಡೇಯ ಋಷಿ ತಪಸ್ಸು ಮಾಡಿದ ಜಾಗವೆಂದು ಸ್ಥಳಪುರಾಣ.

ನಾವು ಹೋದ ದಿನ ಸರ್ಕಾರಿ ಪ್ರೌಢಶಾಲೆಯೊಂದರ ಸ್ಕೌಟ್ಸ್–ಗೈಡ್ಸ್ ಮಕ್ಕಳು ಹಿಂದಿನ ರಾತ್ರಿಯೇ ಬಂದು ಊರಿನ ಜಗಲಿಯೊಂದರಲ್ಲಿ ಮಲಗಿದ್ದರು. ರಾತ್ರಿ ಬೆಟ್ಟ ಹತ್ತಲು ಅರಣ್ಯ ಇಲಾಖೆ ಬಿಡುವುದಿಲ್ಲ. ಆದ್ದರಿಂದ ಕೆಳಗೇ ತಂಗಿ, ಬೆಳಕು ಹರಿದ ಮೇಲೆ ಏರುವುದು. ಚಿತ್ರಾನ್ನ ಅವರೇ ಕಲಸಿದ್ದು. ಕಡಲೆಬೀಜ ಸ್ವಲ್ಪ ಸೀದಿತ್ತು, ಆದರೂ ಪಾತ್ರೆ ಖಾಲಿಯಾಗಿತ್ತು.

ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಬೆಟ್ಟವಲ್ಲ, ಹೆಗಲ ಮೇಲೆ ಸುತ್ತಿಗೆ ಹೊತ್ತು ಬಂದ ಗ್ಯಾಂಗ್‌ಮನ್. "ಕಂಬಿ ಮೇಲೆ ನಡೀಬ್ಯಾಡ್ರಪ್ಪಾ" ಎಂದು ಶುರುಮಾಡಿದವರು ಪಾಠವನ್ನೇ ಮಾಡಿದರು. "ಚಳೀಲಿ ಕಂಬಿ ಕುಗ್ತದೆ, ಬೆಸುಗೆ ಬಿಟ್ಕೊಳ್ತದೆ. ಬಿಸಿಲಿಗೆ ಹಿಗ್ತದೆ. ಅದಕ್ಕೇ ದಿನಾ ನಡ್ದು ನೋಡ್ಬೇಕು." ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಗ್ಗಿ ಕಂಬಿಗೆ ಅಂಗೈ ಇಟ್ಟು ನೋಡಿದಳು. ಇನ್ನೂ ತಣ್ಣಗಿತ್ತು. ಆಮೇಲೆ ನಮ್ಮತ್ತ ತಿರುಗಿ ಆತ ಹೇಳಿದ್ದು: "ಸಾ, ಈಗ ಕರೆಂಟ್ ಎಂಜಿನ್ನು, ಡೀಸೆಲ್ ಥರ ದೂರದಿಂದ್ಲೇ ಸದ್ದು ಕೇಳಲ್ಲ. ರಜಾ ದಿನ ಬರೋರು ತಿರುವಲ್ಲೇ ನಿಂತು ಫೋಟೊ ತೆಗೀತಾರೆ, ಕಿವೀಲಿ ಬೇರೆ ಹಾಡು. ಈ ಮಕ್ಕಳು ವಾಸಿ, ಮೇಷ್ಟ್ರು ಪೀಪಿ ಊದಿದ್ರೆ ನಿಂತ್ಕೊಂತವೆ."

ಈ ಮಕ್ಕಳು ಕಲಿಯುವ ಸ್ಕೌಟಿಂಗ್ ಭಾರತದಲ್ಲಿ 1909ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಆಗ ಭಾರತೀಯ ಹುಡುಗರಿಗೆ ಅದರಲ್ಲಿ ಜಾಗವಿರಲಿಲ್ಲ. ಅವರಿಗಾಗಿ ಬೇರೆ ಸಂಘ ಕಟ್ಟಿದವರಲ್ಲಿ ಆನಿ ಬೆಸೆಂಟ್ ಒಬ್ಬರು. ಅವರ ಹೆಸರಿನ ಸ್ಕೌಟ್ಸ್ ತರಬೇತಿ ಕೇಂದ್ರ ದೊಡ್ಡಬಳ್ಳಾಪುರದಲ್ಲಿದೆ. ಈಗಿನ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿದ್ದು 1950ರಲ್ಲಿ.

ಬೆಟ್ಟ ಏರುವಾಗ ಮಕ್ಕಳಲ್ಲಿ ಮುಂದೆ ಹೋದ ತಂಡ ಕಲ್ಲುಚೂರು ಜೋಡಿಸಿ ಬಾಣದ ಗುರುತು ಮಾಡುತ್ತಾ ಹೋಗಿತ್ತು. ಎರಡು ಗೆರೆ ಒಂದನ್ನೊಂದು ಕತ್ತರಿಸಿದ್ದರೆ ಆ ಕಡೆ ಹೋಗಬಾರದು. ಎಲ್ಲರಿಗಿಂತ ಹಿಂದೆ ಬರುವವನು ಗುರುತನ್ನೆಲ್ಲ ಕೆದರಿಬಿಡಬೇಕು. ಅದೇ ಬಂಡೆಗಳ ಮೇಲೆ ಯಾರೋ ಪೇಂಟಿನಲ್ಲಿ ಹೆಸರು ಬರೆದು ಹೋಗಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಫೋನಿನಲ್ಲಿ ದಾರಿ ಹುಡುಕುವ ಕಾಲದಲ್ಲಿ ಇಂಥ ವಿದ್ಯೆ ಕಲಿಸುವ ಮೇಷ್ಟ್ರುಗಳು ಕಡಿಮೆಯಾಗುತ್ತಿದ್ದಾರೆ. ನೆಲ ನೋಡಿಕೊಂಡು ನಡೆಯುವುದನ್ನು ಮಕ್ಕಳಿಗೆ ಇನ್ಯಾರು ಕಲಿಸಬೇಕು?

ಮೇಲಿನಿಂದ ಗುಂಡಮಗೆರೆ ಕೆರೆ ಕಾಣುತ್ತದೆ. ಗೂಡ್ಸ್ ರೈಲೊಂದು ಬೆಟ್ಟ ಬಳಸಿ ಹೋಗುವಾಗ ಹುಡುಗರು ಡಬ್ಬಿ ಎಣಿಸಿದರು. ಲೆಕ್ಕ ಒಬ್ಬೊಬ್ಬರದು ಒಂದೊಂದಾಯಿತು.

ಇಳಿಯುವಾಗ ಗೈಡ್ಸ್ ಮೇಡಂ ತಮ್ಮ ಕಷ್ಟ ಹೇಳಿಕೊಂಡರು. ಹುಡುಗರ ಒಪ್ಪಿಗೆ ಪತ್ರಕ್ಕೆ ಅಪ್ಪಂದಿರು ಕೂಡಲೇ ಸಹಿ ಹಾಕುತ್ತಾರೆ. ಹೆಣ್ಣುಮಕ್ಕಳದಾದರೆ ಮನೆಮನೆಗೆ ಹೋಗಿ ಕೇಳಬೇಕು. "ರಾತ್ರಿ ಎಲ್ಲಿ ಮಲಗಿಸ್ತೀರಾ ಮೇಡಂ?" ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಬೆಟ್ಟದ ಬುಡದಲ್ಲಿ ಚಿಲಕ ಭದ್ರವಾಗಿರುವ ಒಂದು ಕೋಣೆ, ಪಕ್ಕದಲ್ಲೊಂದು ಶೌಚಾಲಯ: ಅವರು ಕೇಳುವುದು ಇಷ್ಟೇ. ಈ ಸಲ ಹೆಸರು ಕೊಟ್ಟಿದ್ದ ಹುಡುಗಿಯರಲ್ಲಿ ಅರ್ಧದಷ್ಟು ಮಂದಿ ಬಂದಿರಲಿಲ್ಲ.