ಗಣಿಯ ಚಿನ್ನ, ಸರ್ಕಾರದ ಬೆಲೆ: ಕೋಲಾರ ಚಿನ್ನದ ಗಣಿಗಳು ವ್ಯಾಪಾರಸ್ಥರಿಗೆ ಕಲಿಸುವ ಪಾಠ

2001ರ ಮಾರ್ಚ್ ತಿಂಗಳಿನಲ್ಲಿ ಬಂಗಾರಪೇಟೆಯ ದಿನಸಿ ವ್ಯಾಪಾರಿಯೊಬ್ಬರು ವರ್ಷಾಂತ್ಯದ ಲೆಕ್ಕಕ್ಕಾಗಿ ತಮ್ಮ ಉದ್ರಿ ಖಾತೆಯನ್ನು ನನ್ನ ಮುಂದೆ ಇಟ್ಟರು. ಅದರ ಪುಟ ಪುಟದಲ್ಲಿಯೂ ಗಣಿ ಕಾರ್ಮಿಕರ ಹೆಸರುಗಳಿದ್ದವು. ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತ್ತು. "ಬಟವಾಡೆಯೇ ಇಲ್ಲದ ಮೇಲೆ ಯಾರನ್ನು ಕೇಳಲಿ, ಸಾರ್?" ಎಂದರು. ವಸೂಲಾಗದ ಬಾಕಿಯನ್ನು ಖಾತೆಯಿಂದ ತೆಗೆದುಹಾಕಿದರೆ ಆದಾಯ ತೆರಿಗೆ ಕಾಯ್ದೆಯಲ್ಲಿ ಕಡಿತ ದೊರೆಯುತ್ತದೆ ಎಂದು ತಿಳಿಸಿದೆ. ಅದು ತೆರಿಗೆಯ ಮಾತು. ಹೋದ ಬಂಡವಾಳ ಮರಳಿ ಬರುವ ಮಾತಲ್ಲ. ಆ ಖಾತೆಯನ್ನು ಅರಿಯಬೇಕಾದರೆ ನೂರು ವರ್ಷಗಳ ರಾಜ್ಯಾಡಳಿತದ ಇತಿಹಾಸವನ್ನೇ ತಿರುವಿ ನೋಡಬೇಕಾಗುತ್ತದೆ.

ಸಂಸ್ಥಾನದ ಕಾಲ

1880ರ ದಶಕದಿಂದ ಇಲ್ಲಿನ ಗಣಿಗಳನ್ನು ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಸಂಸ್ಥೆ. ಮೈಸೂರು ಸಂಸ್ಥಾನಕ್ಕೆ ರಾಜಧನ ಸಲ್ಲುತ್ತಿತ್ತು. ಅಂದಿನ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳಿಗೆ ರೈಲು ಕವಲು ಬಂದಿತು. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಬೆಂಗಳೂರಿಗೆ ಆ ಭಾಗ್ಯ ಲಭಿಸಿದ್ದು 1905ರಲ್ಲಿ. ಬಂಡವಾಳವು ಲಾಭ ಕಾಣುವ ಕಡೆಗೆ ರಾಜ್ಯಶಕ್ತಿಯೂ ಹರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಆದರೆ ಅದೇ ಶಕ್ತಿ ಕಾರ್ಮಿಕನ ಪಾಲಿಗೆ ಬೇರೆಯ ರೂಪದಲ್ಲಿ ಬಂದಿತು. ಬೆರಳಚ್ಚು ನೋಂದಣಿಯನ್ನು ವಿರೋಧಿಸಿ 1930ರಲ್ಲಿ ಗಣಿಗಳಲ್ಲಿ ಭಾರಿ ಮುಷ್ಕರ ನಡೆಯಿತು. 1946ರ ನವೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು.

ಒಡೆತನದ ಬದಲಾವಣೆ

1947ರ ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿತು. ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರು ಇದೇ ಸೀಮೆಯ ಕ್ಯಾಸಂಬಳ್ಳಿಯವರು. 1956ರ ನವೆಂಬರ್ 1ರಂದು ರಾಜ್ಯ ಏಕೀಕರಣವಾಯಿತು. ಅದೇ ತಿಂಗಳ ಕೊನೆಯಲ್ಲಿ ರಾಜ್ಯ ಸರ್ಕಾರವು ಕಾಯ್ದೆಯ ಮೂಲಕ ಗಣಿಗಳನ್ನು ಸ್ವಾಧೀನಪಡಿಸಿಕೊಂಡಿತು. 1962ರ ಡಿಸೆಂಬರ್‌ನಲ್ಲಿ ಅವು ಕೇಂದ್ರಕ್ಕೆ ವರ್ಗವಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು.

ಲೆಕ್ಕ ಬಲ್ಲವರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. 1950ರ ದಶಕದ ಕೊನೆಯಿಂದ ಗಣಿಯ ಚಿನ್ನವನ್ನು ಕೇಂದ್ರವು ಅಂತರರಾಷ್ಟ್ರೀಯ ಅಧಿಕೃತ ದರದಲ್ಲಿ ತೆಗೆದುಕೊಳ್ಳುತ್ತಿತ್ತು. ಔನ್ಸಿಗೆ 35 ಡಾಲರ್ ಎಂದರೆ ಅಂದಿನ ವಿನಿಮಯದಲ್ಲಿ ತೊಲಕ್ಕೆ 62 ರೂಪಾಯಿ 50 ಪೈಸೆ. ಮುಂಬಯಿ ಪೇಟೆಯ ಧಾರಣೆ ಆಗಲೇ ನೂರು ರೂಪಾಯಿ ಮೀರಿತ್ತು. ಕೂಲಿ, ಮರ, ಉಕ್ಕು, ವಿದ್ಯುತ್ತು ಎಲ್ಲವೂ ದೇಶದೊಳಗಿನ ಬೆಲೆಯಲ್ಲಿ. ಮಾಲು ಮಾತ್ರ ನಿಗದಿತ ಬೆಲೆಯಲ್ಲಿ. ಹೀಗಿರುವಾಗ ತಃಖ್ತೆಯಲ್ಲಿ ಕಂಡ ನಷ್ಟವೆಲ್ಲ ಗಣಿಯದೇ ಎನ್ನಲಾದೀತೇ? ಒಂದು ಪಾಲು ಸರ್ಕಾರದ ಎಡಗೈ ಬಲಗೈಗೆ ಕೊಟ್ಟದ್ದು.

ಇನ್ನೊಂದು ಪಾಲು ನಿಜವಾದ ನಷ್ಟವೇ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆಳ ಹೆಚ್ಚಿದಂತೆ ಖರ್ಚು ಏರಿತು, ಅದಿರಿನಲ್ಲಿ ಚಿನ್ನದ ಅಂಶ ಇಳಿಯಿತು.

ಸುಧಾರಣೆಯ ಕಾಲ

1991ರ ಆರ್ಥಿಕ ಸುಧಾರಣೆಯ ನಂತರ ನಷ್ಟದ ಸರ್ಕಾರಿ ಉದ್ಯಮಗಳನ್ನು ರೋಗಗ್ರಸ್ತ ಕೈಗಾರಿಕೆಗಳ ಮಂಡಳಿಗೆ ಒಪ್ಪಿಸುವ ಕ್ರಮ ಬಂದಿತು. 1992ರಲ್ಲಿ ನಮ್ಮ ಗಣಿಗಳೂ ಅಲ್ಲಿಗೆ ಹೋದವು. 1985ರ ಆ ಕಾಯ್ದೆಯ 22ನೆಯ ಪ್ರಕರಣದಂತೆ, ಮಂಡಳಿಯ ಅನುಮತಿಯಿಲ್ಲದೆ ಅಂತಹ ಕಂಪೆನಿಯ ಮೇಲೆ ಬಾಕಿಗಾಗಿ ದಾವೆ ಹೂಡುವಂತಿರಲಿಲ್ಲ. ಬಿಡಿಭಾಗ ಸರಬರಾಜು ಮಾಡುವ ಸಣ್ಣ ಕಾರ್ಖಾನೆದಾರನಿಗೆ ಇದರ ಅರ್ಥ ಕಾಯುವುದು, ಬರಿದೇ ಕಾಯುವುದು. ಕೊನೆಗೆ ಮಂಡಳಿಯು ಸಮಾಪನೆಗೆ ಶಿಫಾರಸು ಮಾಡಿತು; ಗಣಿ ಮುಚ್ಚಿತು. ಇಂದಿಗೂ ಬೆಳಗಿನ ಜಾವ ಮಾರಿಕುಪ್ಪಂ ಕಡೆಯಿಂದ ಬರುವ ರೈಲುಗಳು ಗಣಿ ಕುಟುಂಬಗಳ ಮಕ್ಕಳನ್ನು ದುಡಿಮೆಗಾಗಿ ಬೆಂಗಳೂರಿಗೆ ಕೊಂಡೊಯ್ಯುತ್ತವೆ.

ನಾವು ಕಲಿಯಬೇಕಾದದ್ದು

ಮೊದಲನೆಯದಾಗಿ, ಕೊಳ್ಳುವವನು ಸರ್ಕಾರವೇ ಆದರೂ ಹಣ ಭದ್ರ ಎಂದು ಭಾವಿಸಲಾಗದು. ಎರಡನೆಯದಾಗಿ, ಊರಿನ ಉದ್ರಿಯೆಲ್ಲ ಒಂದೇ ಬಟವಾಡೆಯನ್ನು ನಂಬಿದ್ದರೆ, ನೂರು ಗಿರಾಕಿಗಳಿದ್ದರೂ ಲೆಕ್ಕಕ್ಕೆ ಸಾಲಗಾರನೊಬ್ಬನೇ. ಮೂರನೆಯದಾಗಿ, ಕಾನೂನಿನ ರಕ್ಷಣೆಯನ್ನು ಕಾಲಕ್ಕೆ ಸರಿಯಾಗಿ ಬಳಸಬೇಕು. ಹಳೆಯ ರೋಗಗ್ರಸ್ತ ಕೈಗಾರಿಕಾ ಕಾಯ್ದೆ 2016ರಲ್ಲಿ ರದ್ದಾಗಿದೆ. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ ಲಿಖಿತ ಕರಾರಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ; ಆದರೆ ನೋಂದಣಿಯನ್ನೇ ಮಾಡಿಸದವನಿಗೆ ಆ ರಕ್ಷಣೆ ಕಷ್ಟ.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಗಣಿಯ 13 ಸೈನೈಡ್ ಗುಡ್ಡೆಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಸಮ್ಮತಿಸಿತು. ನಮ್ಮ ಪೇಟೆಯಲ್ಲಿ ಆಸೆ ಚಿಗುರಿರುವುದು ಸಹಜ. ಆ ದಿನಸಿ ವ್ಯಾಪಾರಿಯ ಮಗ ಈಗ ಅಂಗಡಿಯಲ್ಲಿ ಕೂರುತ್ತಾರೆ. ಗುಡ್ಡೆಯ ಕೆಲಸ ಶುರುವಾದರೆ ಉದ್ರಿ ಕೊಡಬಹುದೇ ಎಂದು ಅವರು ಕೇಳಿದರು. ಕೊಡಿ, ಆದರೆ ತಂದೆಯವರ 2001ರ ಖಾತೆ ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಕೊಡಿ ಎಂದೆ.