ಹಿಮವಿಲ್ಲದ ಸೀಮೆಯ ಮಂಜಿನ ಹಾದಿ

ಹಿಮಪಾತಕ್ಕೆ ಒಗ್ಗದ ಊರಿನಲ್ಲಿ ವಾಹನ ಸಂಚಾರ ಎಷ್ಟು ಬೇಗ ಕುಸಿಯುತ್ತದೆ ಎಂಬುದಕ್ಕೆ 2014ರ ಜನವರಿಯಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಬಿದ್ದ ಸುಮಾರು ಎರಡು ಅಂಗುಲ ಹಿಮವೇ ಸಾಕ್ಷಿಯಾಗಿದ್ದು, ಅಂದು ಅಸಂಖ್ಯ ಜನರು ರಾತ್ರಿಯಿಡೀ ಹೆದ್ದಾರಿಯಲ್ಲೇ ಸಿಲುಕಿದ್ದರು. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಹಿಮ ಬೀಳುವುದಿಲ್ಲ. ಇಲ್ಲಿ ಹಿಮವನ್ನು ಬಲ್ಲವರೆಂದರೆ 1960ರ ದಶಕದಲ್ಲಿ ಮುಂಡಗೋಡಕ್ಕೆ ಬಂದು ನೆಲೆಸಿದ ಟಿಬೆಟನ್ ಹಿರಿಯರು. ಆದರೆ ಚಳಿಗಾಲದ ನಸುಕಿನಲ್ಲಿ ಕಾಳಿ ಕಣಿವೆಯನ್ನು ತುಂಬುವ ಮಂಜೂ, ಮಳೆಗಾಲದಲ್ಲಿ ಅಣಶಿ ಘಟ್ಟದ ತಿರುವುಗಳಿಗೆ ಇಳಿಯುವ ಮೋಡವೂ ಬಯಲುಸೀಮೆಯ ಚಾಲಕನನ್ನು ಅಷ್ಟೇ ಕಂಗೆಡಿಸುತ್ತವೆ.

ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುವುದರಿಂದ, ಅಪಾಯ ಕಂಡು ಬ್ರೇಕ್ ತುಳಿಯುವಷ್ಟರಲ್ಲೇ 25 ಮೀಟರ್ ಕಳೆದಿರುತ್ತದೆ. ಟೈರು ಮತ್ತು ರಸ್ತೆಯ ನಡುವಿನ ಹಿಡಿತ, ಅಂದರೆ ಘರ್ಷಣೆ, ಒದ್ದೆ ಡಾಂಬರಿನ ಮೇಲೆ ತಗ್ಗುವ ಕಾರಣ ಪೂರ್ತಿ ನಿಲ್ಲಲು ಒಟ್ಟು 60 ಮೀಟರ್‌ನಷ್ಟು, ಗಟ್ಟಿಗೊಂಡ ಹಿಮದ ಮೇಲಾದರೆ ನೂರರ ಹತ್ತಿರ ಬೇಕಾಗುತ್ತದೆ. ವೇಗವನ್ನು 30ಕ್ಕೆ ಇಳಿಸಿದರೆ ಒದ್ದೆ ರಸ್ತೆಯಲ್ಲಿ ಇಪ್ಪತ್ತು ಚಿಲ್ಲರೆ ಮೀಟರ್ ಸಾಕು.

ಹೈಬೀಮ್ ಹಾಕಿದರೆ ದಾರಿ ಚೆನ್ನಾಗಿ ಕಂಡೀತೆಂಬುದು ಭ್ರಮೆ. ಮಂಜಿನ ನೀರಹನಿಗಳಿಗೆ ತಾಗಿದ ಬೆಳಕು ಚಾಲಕನ ಕಣ್ಣಿಗೇ ಮರಳುವುದರಿಂದ ಡಿಪ್ ಲೈಟೇ ಲೇಸು. ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತ ಓಡಿಸುವ ಜನಪ್ರಿಯ ರೂಢಿಯೂ ತಪ್ಪು, ಏಕೆಂದರೆ ವಾಹನ ಯಾವ ಕಡೆಗೆ ತಿರುಗುತ್ತದೆಂಬುದು ಹಿಂದಿನವರಿಗೆ ತಿಳಿಯದು. ಗಾಜಿನ ಒಳಮೈ ಮಸುಕಾದಾಗ ಎ.ಸಿ.ಯ ಒಣಗಾಳಿಯನ್ನು ಅದರತ್ತ ಹರಿಸಬೇಕು. ಇಷ್ಟಾದರೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ರಸ್ತೆಗಳಲ್ಲಿ ಅಡ್ಡಬರುವ ಕಾಡುಕೋಣಕ್ಕೆ ಹಿಂದೆ ಕೆಂಪು ದೀಪವಿರುವುದಿಲ್ಲ. ಅದರ ಕಪ್ಪು ಮೈ ಮಂಜಿನಲ್ಲಿ ತೀರ ಹತ್ತಿರ ಬಂದಾಗಲೇ ಕಾಣುತ್ತದೆ.